ಅತ್ತಿಗೆ ಸಾಕಿದ ಜೇಡ

ನನಗೆ ಜೇಡ ಕಂಡರೆ ಆಗುವುದಿಲ್ಲ. ಹೆದರಿಕೆ ಅಂತ ಯಾರೂ ತಿಳಿಯಬೇಡಿ. ಹೆದರಿಕೆಗೆ ಒಂದು ಮರ್ಯಾದೆಯಾದರೂ ಇರುತ್ತದೆ. ನನ್ನದು ಹೇಸಿಗೆ, ಅಪ್ಪಟ ಹೇಸಿಗೆ. ಕಿಟಕಿಯ ಮೂಲೆಯಲ್ಲಿ ಒಂದಿಷ್ಟು ಬಲೆ ಕಂಡರೆ ಸಾಕು, ಆ ಹೊತ್ತಿನ ಊಟ ಸೇರುವುದಿಲ್ಲ. ಅಂಥವಳು ಮೈಸೂರಿನಿಂದ ಮದುವೆಯಾಗಿ ಮುಂಬಯಿಗೆ ಬಂದು, ಅಂಗೈಯಗಲದ ಜೇಡವೊಂದರ ಜೊತೆ ಒಂದೇ ಸೂರಿನಡಿ ಒಂದೂವರೆ ವರ್ಷ ಸಂಸಾರ ಮಾಡಿದೆ. ಎಂಬತ್ತರ ದಶಕದ ನಡುವಿನ ಮಾತು. ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ.

ನಮ್ಮ ಮನೆ ಸಾಂತಾಕ್ರೂಜ್‌ನಲ್ಲಿ, ರೈಲ್ವೆ ಹಳಿಗೆ ಹತ್ತಿರದ ಒಂದು ಹಳೆಯ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿತ್ತು. ಒಂದು ಹಾಲ್, ಒಂದು ಕೋಣೆ, ಕೈ ಚಾಚಿದರೆ ಎರಡೂ ಗೋಡೆ ಸಿಗುವಂಥ ಅಡುಗೆಮನೆ. ಇದ್ದವರು ನಾನು, ನನ್ನವರು, ಆಗತಾನೆ ಅಂಬೆಗಾಲಿಡುತ್ತಿದ್ದ ನಮ್ಮ ಮಗಳು ಮತ್ತು ಅತ್ತಿಗೆ. ಅತ್ತಿಗೆ ಅಂದರೆ ನನ್ನವರ ಅಕ್ಕ, ಅವರಿಗಿಂತ ಒಂಬತ್ತು ವರ್ಷ ದೊಡ್ಡವರು. ಮದುವೆಯಾಗಿರಲಿಲ್ಲ. ವಿಲೆ ಪಾರ್ಲೆಯ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಯೋಗಾಲಯ ನೋಡಿಕೊಳ್ಳುತ್ತಿದ್ದರು. ಮಾವನವರು ಬೇಗ ತೀರಿಕೊಂಡ ಮೇಲೆ ಕೆಲಸಕ್ಕೆ ಸೇರಿ, ತಮ್ಮನನ್ನು ಓದಿಸಿ, ಹಾಸಿಗೆ ಹಿಡಿದ ತಾಯಿಯನ್ನು ಕೊನೆಯವರೆಗೆ ನೋಡಿಕೊಂಡು, ಆ ಮನೆಯನ್ನು ನಿಲ್ಲಿಸಿದವರು ಅವರೇ. ನಾನು ಸೊಸೆಯಾಗಿ ಬಂದ ದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟು ತಮ್ಮ ಹಾಸಿಗೆಯನ್ನು ಹಾಲ್‌ನ ದಿವಾನದ ಮೇಲೆ ಹಾಸಿಕೊಂಡರು. ಅದಕ್ಕೆ ಒಂದು ದಿನವೂ ಮುಖ ಸಣ್ಣ ಮಾಡಿದವರಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ಮುಂದೆ ನಾನು ಅವರನ್ನು ಬೈಯುತ್ತಾ ಹೋಗುತ್ತೇನೆ.

ಜೇಡ ಬಂದದ್ದು ಲೋಕಲ್ ಟ್ರೇನಿನಲ್ಲಿ. ಕಾಲೇಜಿನ ಹುಡುಗರು ಗೋರೆಗಾಂವ್ ಕಡೆಯ ಕಾಡಿಗೆ ಟ್ರಿಪ್ ಹೋದಾಗ ಒಂದು ಮರದ ಪೊಟರೆಯಿಂದ ಹಿಡಿದು ತಂದಿದ್ದರಂತೆ. ಲ್ಯಾಬಿನಲ್ಲಿ ಕೆಲವು ತಿಂಗಳಿತ್ತು. ವಿಭಾಗದ ಮುಖ್ಯಸ್ಥರು, ಇನ್ನು ಇದನ್ನು ಸ್ಪಿರಿಟ್ಟಿನ ಜಾಡಿಗೆ ಹಾಕಿ ಕಪಾಟಿನಲ್ಲಿಡಿ ಅಂದರಂತೆ. ಅತ್ತಿಗೆಗೆ ಕೈ ಬರಲಿಲ್ಲ. ಒಂದು ಡಬ್ಬಿಗೆ ತೂತು ಕೊರೆದು ಅದನ್ನು ಒಳಗೆ ಬಿಟ್ಟು, ಲೇಡೀಸ್ ಕಂಪಾರ್ಟ್‌ಮೆಂಟಿನಲ್ಲಿ ಮಡಿಲ ಮೇಲಿಟ್ಟುಕೊಂಡು, ಸೆರಗು ಮುಚ್ಚಿ ಮನೆಗೆ ತಂದರು. ಪಕ್ಕದಲ್ಲಿ ಕೂತ ಹೆಂಗಸು ಊಟದ ಡಬ್ಬಿ ಅಂದುಕೊಂಡು, ಏನು ಪಲ್ಯ ಅಂತ ಕೇಳಿದಳಂತೆ. ಇದನ್ನು ಹೇಳಿ ಅತ್ತಿಗೆ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ನನಗೆ ನಗು ಬರಲಿಲ್ಲ.

"ಟರಾಂಟುಲಾ ಅಂತ ಇದಕ್ಕೆ. ಪಾಪದ್ದು ಕಣೇ, ಅದರ ಪಾಡಿಗೆ ಅದು ಇರತ್ತೆ," ಅಂದರು.

ಪಾಪದ್ದಂತೆ! ಬೂದಿ ಮತ್ತು ಕಪ್ಪು ಬಣ್ಣದ, ಬೆರಳು ದಪ್ಪದ ಎಂಟು ಕಾಲು. ಮೈತುಂಬ ತೆಂಗಿನ ಜುಂಗಿನ ಹಾಗೆ ಕೂದಲು. ಕಾಲು ಎತ್ತಿದರೆ ಅಡಿಯಲ್ಲಿ ಅರಿಶಿನದ ಬಣ್ಣ. ಅರಿಶಿನ ಅನ್ನುವ ಮಾತನ್ನು ಅದಕ್ಕೆ ಬಳಸಲೂ ನನಗೆ ಮನಸ್ಸಿಲ್ಲ, ಆದರೆ ಇದ್ದದ್ದು ಹಾಗೆಯೇ. ಮೀನು ಸಾಕುವಂಥ ಗಾಜಿನ ಪೆಟ್ಟಿಗೆಯೊಂದನ್ನು ತಂದು, ಮಣ್ಣು ಹಾಕಿ, ಒಂದು ಮರದ ತೊಗಟೆ ಓರೆಯಾಗಿ ನಿಲ್ಲಿಸಿ, ಮೇಲೆ ತಂತಿಯ ಜಾಲರಿ ಮುಚ್ಚಿ, ನಾಲ್ಕು ಮೂಲೆಗೂ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿದರು. ಪೆಟ್ಟಿಗೆ ಹಾಲ್‌ನ ಕಪಾಟಿನ ಮೇಲೆ ಕೂತಿತು. ಊಟಕ್ಕೆ ಕೂತರೆ ನನ್ನ ಕಣ್ಣಿಗೆ ನೇರ.

ಅದು ತಿನ್ನುತ್ತಿದ್ದದ್ದು ಜಿರಲೆ. ಮುಂಬಯಿಯ ಹಳೆಯ ಬಿಲ್ಡಿಂಗಿನಲ್ಲಿ ಜಿರಲೆಗೆ ಬರವೇ? ಅತ್ತಿಗೆ ಒಂದು ಗಾಜಿನ ಬಾಟಲಿಯೊಳಗೆ ಬೆಲ್ಲದ ಚೂರು ಹಾಕಿ, ಬಾಯಿಯ ಒಳಸುತ್ತಿಗೆ ಎಣ್ಣೆ ಸವರಿ ಬಚ್ಚಲಿನ ಮೂಲೆಯಲ್ಲಿಡುತ್ತಿದ್ದರು. ಬೆಳಗ್ಗೆ ನಾನು ಹಲ್ಲುಜ್ಜಲು ಹೋದರೆ ಒಳಗೆ ಮೂರೋ ನಾಲ್ಕೋ ಮೀಸೆ ಆಡಿಸುತ್ತಾ ಜಾರಿ ಜಾರಿ ಬೀಳುತ್ತಿರುತ್ತಿದ್ದವು. ಥೂ! ಅದಕ್ಕಿಂತ ಕೆಟ್ಟದ್ದೆಂದರೆ ಮನೆಯಲ್ಲಿ ಜಿರಲೆ ಔಷಧಿ ಹೊಡೆಯುವ ಹಾಗಿಲ್ಲ ಅಂತ ಅವರು ಮಾಡಿದ ಕಟ್ಟಳೆ. ಔಷಧಿ ತಗಲಿದ ಜಿರಲೆ ತಿಂದರೆ ಜೇಡ ಸಾಯುತ್ತದಂತೆ. ಹಾಗಾಗಿ ಆ ಮಹಾತಾಯಿಯ ಆಹಾರಕ್ಕೆಂದು ನನ್ನ ಅಡುಗೆಮನೆಯಲ್ಲಿ ಜಿರಲೆ ಬೆಳೆಯಿತು. ಹಿಟ್ಟಿನ ಡಬ್ಬದ ಹಿಂದೆ, ಒಲೆಯ ಅಡಿ, ದೇವರ ಎಣ್ಣೆ ಬಾಟಲಿಯ ಪಕ್ಕ, ಎಲ್ಲೆಲ್ಲೂ.

ವಾರಕ್ಕೊಮ್ಮೆ, ನಾನು ದೇವರಿಗೆ ದೀಪ ಹಚ್ಚುವ ಹೊತ್ತಿಗೇ ಅವರು ಅದಕ್ಕೆ ಜಿರಲೆ ಬಿಡುತ್ತಿದ್ದರು. ಕತ್ತಲು ಕವಿಯುವಾಗಲೇ ಅದಕ್ಕೆ ಹಸಿವಂತೆ. ಇತ್ತ ನಾನು ಶ್ಲೋಕ ಹೇಳುವುದು, ಅತ್ತ ಅದು ಒಂದೇ ನೆಗೆತಕ್ಕೆ ಹಿಡಿದು ಅಗಿಯುವುದು. ಮಾರನೆಯ ದಿನ ಮಣ್ಣಿನ ಮೇಲೆ ಒಂದು ಉಂಡೆ ಬಿದ್ದಿರುತ್ತಿತ್ತು, ಯಾರೋ ತಾಂಬೂಲ ಅಗಿದು ಉಗಿದ ಹಾಗೆ. ಗಾಜಿನ ಮೇಲೆ ಅದರ ಹೇಲು ಸುಣ್ಣದ ಚುಕ್ಕಿಯ ಹಾಗೆ ಅಂಟಿರುತ್ತಿತ್ತು. ಅತ್ತಿಗೆ ಇಕ್ಕಳದಲ್ಲಿ ಉಂಡೆ ಎತ್ತಿ, ಬಟ್ಟೆಯಲ್ಲಿ ಗಾಜು ಒರೆಸಿ, ಒಂದು ನೋಟ್‌ಬುಕ್ಕಿನಲ್ಲಿ ಏನೋ ಬರೆದುಕೊಂಡು, ಕೈ ತೊಳೆದು ಬಂದು ನನ್ನ ಪಕ್ಕ ಚಪಾತಿ ಲಟ್ಟಿಸಲು ನಿಲ್ಲುತ್ತಿದ್ದರು. ಅವರು ಲಟ್ಟಿಸಿದ ಚಪಾತಿಯನ್ನು ನಾನು ತಿನ್ನುತ್ತಿರಲಿಲ್ಲ. ಅಡಿಯಲ್ಲಿ ಸೇರಿಸಿ ನನ್ನವರ ತಟ್ಟೆಗೆ ಹಾಕಿಬಿಡುತ್ತಿದ್ದೆ.

ಏನು ಕೇಳಿದರೂ ಅತ್ತಿಗೆಯದು ಒಂದೇ ಉತ್ತರ: ನಾರ್ಮಲ್ಲು. ಇಡೀ ದಿನ ಅಲ್ಲಾಡದೆ ಬಿದ್ದಿದೆಯಲ್ಲ? ನಾರ್ಮಲ್ಲು. ಮುಂದಿನ ಕಾಲೆರಡನ್ನೂ ಎತ್ತಿ ನನ್ನನ್ನೇ ಹೊಡೆಯಲು ಬರುವ ಹಾಗೆ ನಿಂತಿತಲ್ಲ? ನಾರ್ಮಲ್ಲು, ನೀನು ಪೆಟ್ಟಿಗೆ ತಟ್ಟಿರಬೇಕು. ಒಂದು ಸಲ ತಿಂಗಳಿಡೀ ಏನೂ ತಿನ್ನಲಿಲ್ಲ. ದೇವರು ಕಣ್ಣು ಬಿಟ್ಟ, ಸಾಯುತ್ತದೆ ಅಂತ ನಾನು ಒಳಗೊಳಗೇ ಹಿಗ್ಗಿದೆ. "ಪೊರೆ ಬಿಡೋಕೆ ಮುಂಚೆ ತಿನ್ನಲ್ಲ ಕಣೇ, ನಾರ್ಮಲ್ಲು," ಅಂದರು. ಪೊರೆ ಬಿಟ್ಟಿತು ಕೂಡ. ಆ ಪೊರೆಯನ್ನು ಹತ್ತಿಯ ಮೇಲಿಟ್ಟು ಒಂದು ಸಣ್ಣ ಡಬ್ಬಿಯಲ್ಲಿ ಹಾಕಿ, ಒಣಗಿರಲಿ ಅಂತ ಅಡುಗೆಮನೆಯ ಶೆಲ್ಫಿನಲ್ಲಿ ಇಂಗಿನ ಡಬ್ಬಿಯ ಪಕ್ಕ ಇಟ್ಟಿದ್ದರು. ಒಗ್ಗರಣೆ ಸಿಡಿಯುತ್ತಿರುವಾಗ ಅವಸರದಲ್ಲಿ ತೆಗೆದವಳು ನಾನು. ಎಂಟೂ ಕಾಲು, ಕೂದಲ ಸಮೇತ. ನನ್ನ ಕಿರುಚಾಟಕ್ಕೆ ಎದುರುಮನೆಯವರು ಬಾಗಿಲು ತೆಗೆದು ಬಂದರು. ಸಾರು ಸೀದು ಹೋಯಿತು.

ಮುಂದಿನ ಬೇಸಿಗೆಯಲ್ಲಿ ಅತ್ತಿಗೆಗೆ ಪರೀಕ್ಷೆಯ ಕೆಲಸಕ್ಕೆಂದು ಎರಡು ವಾರ ಪುಣೆಗೆ ಹೋಗಬೇಕಾಗಿ ಬಂತು. ಜೇಡ ನೋಡಿಕೊಳ್ಳುವವರು ಯಾರು? ನನ್ನವರು, "ನನ್ ಕೈಲಾಗಲ್ಲಪ್ಪ," ಅಂತ ಪೇಪರಿನ ಹಿಂದೆ ಮುಖ ಅಡಗಿಸಿಕೊಂಡರು. ಕೊನೆಗೆ ನನ್ನ ತಲೆಗೇ ಬಂತು. ಅತ್ತಿಗೆ ನೋಟ್‌ಬುಕ್ ಕೈಗೆ ಕೊಟ್ಟು, ಒಳಗಿಟ್ಟ ಬಾಟಲಿ ಮುಚ್ಚಳಕ್ಕೆ ಜಾಲರಿಯ ಮೇಲಿಂದ ಡ್ರಾಪರ್‌ನಲ್ಲಿ ನೀರು ಬಿಡುವುದು ಹೇಗೆ, ವಾರಕ್ಕೊಂದು ಜಿರಲೆ ಬಿಡುವುದು ಹೇಗೆ ಅಂತ ತೋರಿಸಿ ಹೋದರು. ನಾನು ಮೂಗಿಗೆ ಸೆರಗು ಕಟ್ಟಿಕೊಂಡು ಮಾಡಿದೆ. ವಾಸನೆಯೇನೂ ಇರಲಿಲ್ಲ, ಆದರೂ ಕಟ್ಟಿಕೊಂಡೆ.

ನಿಜ ಹೇಳಬೇಕೆಂದರೆ ಆ ಎರಡು ವಾರ ನಾನು ನನ್ನ ಮಗುವಿಗಿಂತ ಹೆಚ್ಚು ಅದನ್ನೇ ನೋಡಿದೆ. ಹೇಸಿಗೆಗೂ ಒಂದು ಸೆಳೆತವಿರುತ್ತದೆ. ಬೇಡ ಬೇಡ ಅಂದುಕೊಂಡೇ ಕಪಾಟಿನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಹಗಲೆಲ್ಲ ತೊಗಟೆಯ ಹಿಂದೆ ಬಿದ್ದಿರುತ್ತದೆ. ಸಂಜೆ ಎರಡು ಕಾಲು ಹೊರಗೆ ಚಾಚಿ ಸುಮ್ಮನೆ ಕೂರುತ್ತದೆ. ಫಾಸ್ಟ್ ಲೋಕಲ್ ಹೋಗಿ ಬಿಲ್ಡಿಂಗ್ ಅದುರಿದರೆ ತೊಗಟೆಗೆ ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ನೀರಿನ ಮುಚ್ಚಳಕ್ಕೆ ಬಾಯಿ ಹಚ್ಚಿ ಬಹಳ ಹೊತ್ತು ಕುಡಿಯುತ್ತದೆ. ಒಂದೊಂದೇ ಕಾಲನ್ನು ಬಾಯಲ್ಲಿ ಎಳೆದು ಚೊಕ್ಕ ಮಾಡಿಕೊಳ್ಳುತ್ತದೆ. ತಿಂದ ಮೇಲೆ ಮೂರು ನಾಲ್ಕು ದಿನ ಮುಖವನ್ನೇ ತೋರಿಸುವುದಿಲ್ಲ. ಒಂದೇ ಒಂದು ಸಲವೂ ಮೇಲಿನ ಜಾಲರಿಯನ್ನು ಮುಟ್ಟಲಿಲ್ಲ. ಹೊರಗೆ ಬರಬೇಕೆಂಬ ಯೋಚನೆಯೇ ಅದಕ್ಕೆ ಇದ್ದಂತಿರಲಿಲ್ಲ. ಇಷ್ಟೆಲ್ಲ ನನಗೆ ಬಾಯಿಪಾಠವಾಗಿ ಹೋಯಿತು.

ಪುಣೆಯಿಂದ ಬಂದ ಅತ್ತಿಗೆ ನೋಟ್‌ಬುಕ್ ತೆಗೆದು ನೋಡಿ ಮುಖ ಅರಳಿಸಿದರು. ಒಂದು ದಿನವೂ ಬಿಡದೆ ನಾನು ಬರೆದಿಟ್ಟಿದ್ದೆ. "ನಿಂಗೂ ಅಭ್ಯಾಸ ಆಯ್ತು ನೋಡು!" ಅಂದರು.

"ಅಭ್ಯಾಸವೂ ಇಲ್ಲ, ಮಣ್ಣೂ ಇಲ್ಲ. ಇನ್ನೊಂದ್ಸಲ ನಂಗೆ ಹೇಳ್ಬೇಡಿ," ಅಂದೆ. ಅವರು ನನ್ನ ಕೆನ್ನೆ ಹಿಂಡಿ ನಕ್ಕರು.

ಮಳೆಗಾಲ ಶುರುವಾಯಿತು. ಜಿರಲೆ ಇಮ್ಮಡಿಯಾಯಿತು. ಒಂದು ದಿನ ಬಚ್ಚಲಲ್ಲಿ ನೆನೆಹಾಕಿದ್ದ ಮಗಳ ಫ್ರಾಕನ್ನು ಕೈಗೆತ್ತಿಕೊಂಡೆ, ತೋಳಿನೊಳಗಿಂದ ಜಿರಲೆಯೊಂದು ಹೊರಬಂದು ನನ್ನ ಮೊಣಕೈವರೆಗೆ ಹತ್ತಿತು. ಅಲ್ಲೇ ವಾಂತಿ ಮಾಡಿಕೊಂಡೆ. ಇನ್ನು ಈ ಬಚ್ಚಲಲ್ಲಿ ಮಗುವಿನ ಬಟ್ಟೆ ಒಗೆಯುವುದಿಲ್ಲ ಅಂತ ಆಣೆಯಿಟ್ಟು, ಬಿಲ್ಡಿಂಗಿಗೆ ಹೊಸದಾಗಿ ಬರುತ್ತಿದ್ದ ಧೋಬಿಗೆ ಫ್ರಾಕುಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟೆ. ಹುಬ್ಬೇರಿಸಿದ ನನ್ನವರಿಗೆ, "ನಿಮ್ಮಕ್ಕನ್ನ ಕೇಳಿ," ಅಂದೆ. ಬಟ್ಟೆ ಗಂಜಿ ಹಾಕಿ ಇಸ್ತ್ರಿಯಾಗಿ ಗರಿಗರಿಯಾಗಿ ಬಂತು. ಮಗಳಿಗೆ ಹಳದಿ ಫ್ರಾಕ್ ಬಹಳ ಚೆಂದ ಕಾಣುತ್ತದೆ ಅಂತ ಅದನ್ನೇ ಎರಡು ಮೂರು ಸಲ ಹಾಕಿದೆ.

ಆ ವಾರವೇ ಮಗುವಿನ ಕತ್ತಿನ ಹಿಂದೆ ಕೆಂಪಗೆ ದದ್ದು ಎದ್ದು, ಬೆಳಗಾಗುವಷ್ಟರಲ್ಲಿ ನೀರು ತುಂಬಿದ ಬೊಬ್ಬೆಗಳಾದವು. ಮುಟ್ಟಿದರೆ ಚೀರುತ್ತಿತ್ತು. ಪಾತ್ರೆ ತೊಳೆಯಲು ಬರುತ್ತಿದ್ದ ಬಿಜಾಪುರದ ಕಡೆಯ ಹೆಂಗಸು ಕೈ ಒರೆಸಿಕೊಂಡು ಬಂದು ನೋಡಿದವಳೇ ಎದೆ ಬಡಿದುಕೊಂಡಳು.

"ಅಯ್ಯ ಯವ್ವಾ! ಇದು ಹುಳ ಹರದದ್ದ ಐತ್ರೀ ಅಕ್ಕಾರ. ಜ್ಯಾಡ ಮೈಮ್ಯಾಗ ಹರದ್ರ ಹಿಂಗ ಬೊಬ್ಬಿ ಏಳ್ತಾವ. ಮನ್ಯಾಗ ಅಂಥಾ ಪಿಶಾಚಿ ಇಟ್ಕೊಂಡ್ರ ಇನ್ನೇನ ಆಗ್ತೈತಿ?"

ನಮ್ಮ ಮೈಸೂರು ಕಡೆಯೂ ಹಾಗೇ ಹೇಳುತ್ತಾರೆ. ಮೈಮೇಲೆ ನೀರುಗುಳ್ಳೆ ಎದ್ದರೆ ಹುಳ ಹರಿದಿದೆ ಅಂತ ಕೆಮ್ಮಣ್ಣು ಹಚ್ಚುತ್ತಾರೆ. ನಾನು ಕಪಾಟಿನತ್ತ ನೋಡಿದೆ. ಪೆಟ್ಟಿಗೆಯಲ್ಲಿ ಜೇಡ ಕಾಣಲಿಲ್ಲ. ಅಷ್ಟೇ ಸಾಕಾಯಿತು. ಸಂಜೆ ಅತ್ತಿಗೆ ಚಪ್ಪಲಿ ಬಿಡುವುದಕ್ಕೂ ಬಿಡದೆ ಶುರು ಮಾಡಿದೆ. ಅವರು ಮಗುವಿನ ಕತ್ತು ನೋಡಿ ಗಾಬರಿಯಾದರು. ಆದರೆ, "ಅದು ತೊಗಟೆ ಹಿಂದೆ ಇದೆ. ಮೊನ್ನೆ ತಾನೇ ತಿಂದಿದೆ, ಹೊರಗೆ ಬರಲ್ಲ. ಕ್ಲಿಪ್ ಎಲ್ಲ ಹಾಕಿದ ಹಾಗೇ ಇದೆ. ಇದು ಅದರದ್ದಲ್ಲ ಕಣೇ," ಅಂದರು.

ಅವರು ಹೇಳಿದ್ದು ಸರಿ ಅಂತ ನನಗೆ ಗೊತ್ತಿತ್ತು. ಮೊನ್ನೆ ಅದು ತಿಂದದ್ದನ್ನು ನಾನೂ ನೋಡಿದ್ದೆ. ತಿಂದ ಮೇಲೆ ಅದು ಏನು ಮಾಡುತ್ತದೆ ಅಂತ ನನ್ನ ಕೈಯಾರೆ ಬರೆದಿಟ್ಟಿದ್ದೆ. ಆದರೆ ಒಂದೂವರೆ ವರ್ಷದ ಹೇಸಿಗೆ ಒಟ್ಟಿಗೆ ಬಾಯಿಗೆ ಬಂತು. "ಅದರ ಪರ ಮಾತಾಡ್ತೀರಲ್ಲ, ಮಗು ಹೀಗೆ ನರಳ್ತಿದೆ! ನೀವೂ ಒಂದು ಹೆತ್ತು ನೋಡಿದ್ರೆ ಗೊತ್ತಾಗ್ತಿತ್ತು," ಅಂದುಬಿಟ್ಟೆ.

ಅತ್ತಿಗೆ ದಿವಾನದ ಮೇಲೆ ಕೂತರು. ನನ್ನವರು ಅಕ್ಕನ ಮುಖವನ್ನೂ ನೋಡಲಿಲ್ಲ, ನನ್ನದನ್ನೂ ನೋಡಲಿಲ್ಲ. "ನಾಳೆ ಡಾಕ್ಟರ್ ಹತ್ರ ಹೋಗಿ ಬರ್ಲಿ ಅಕ್ಕ. ಅವರು ಹುಳದ್ದು ಅಂದ್ರೆ ಅದನ್ನ ವಾಪಸ್ ಕಾಲೇಜಿಗೆ ಕಳ್ಸಿಬಿಡೋಣ," ಅಂದರು.

"ಹುಳದ್ದು ಅಂದ್ರೆ ಅದೊಂದೇ ಅಲ್ಲ, ನಾನೂ ಹೊರಡ್ತೀನಿ ಕಣೋ," ಅಂದರು ಅತ್ತಿಗೆ. "ಈ ಮಗೂಗೆ ನನ್ನಿಂದ ಕೇಡಾಗಿದ್ರೆ ನಾನು ಇಲ್ಲಿರಬಾರದು. ಪಾರ್ಲೆಯಲ್ಲಿ ಲೇಡೀಸ್ ಹಾಸ್ಟೆಲ್ ಇದೆ."

ಬೆಳಗ್ಗೆ ಮಗುವನ್ನು ಸಿದ್ಧ ಮಾಡಿದವರು ಅವರೇ. ಆ ಹಳದಿ ಫ್ರಾಕನ್ನೇ ಹಾಕಿ, ಬೊಬ್ಬೆಗೆ ತಾಗದ ಹಾಗೆ ಕಾಲರಿನಡಿ ಮೆತ್ತನೆಯ ಕರ್ಚೀಫು ಇಟ್ಟು ಕೊಟ್ಟರು. ನನ್ನವರು ಆಫೀಸಿಗೆ ಹೋದರು. ಸ್ಟೇಷನ್ ರಸ್ತೆಯ ಡಾಕ್ಟರ ಬಳಿ ನಾನೊಬ್ಬಳೇ ಮಗುವನ್ನು ಎತ್ತಿಕೊಂಡು ಹೋದೆ. ಅವರು ಮರಾಠಿಯವರು, ವಯಸ್ಸಾದವರು. ಕರ್ಚೀಫು ತೆಗೆದು ಬೊಬ್ಬೆ ನೋಡಿದರು. ಫ್ರಾಕಿನ ಕಾಲರನ್ನು ಒಳಮಗ್ಗುಲಿಗೆ ತಿರುಗಿಸಿದರು. ಅಲ್ಲಿ ಸಣ್ಣದಾಗಿ ಎರಡು ಗೀಟು, ಒಂದು ಚುಕ್ಕಿ, ಅಚ್ಚ ಕಪ್ಪು ಬಣ್ಣದ ಗುರುತು. ಬೊಬ್ಬೆ ಎದ್ದಿದ್ದು ಸರಿಯಾಗಿ ಅದು ತಾಗುವ ಜಾಗದಲ್ಲಿ.

"ಧೋಬಿ ಬದಲಾ ಕ್ಯಾ?" ಧೋಬಿ ಬದಲಾದನೇ ಅಂತ ಕೇಳಿದರು.

ಬಟ್ಟೆ ಯಾರದ್ದು ಅಂತ ತಿಳಿಯಲು ಧೋಬಿಗಳು ಬಿಬ್ಬಾ ಅನ್ನುವ ಕಾಯಿಯ ರಸದಲ್ಲಿ ಗುರುತು ಹಾಕುತ್ತಾರೆ. ನಮ್ಮಲ್ಲಿ ಕರಿಗೇರು ಅನ್ನುವುದು ಅದಕ್ಕೇ. ಎಷ್ಟು ಒಗೆದರೂ ಹೋಗುವುದಿಲ್ಲ, ಕೆಲವರ ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೆ ಬೊಬ್ಬೆ ಏಳುತ್ತದೆ. ಮಳೆಗಾಲದಲ್ಲಿ ಇಂಥವು ಬರುತ್ತಲೇ ಇರುತ್ತವೆ ಅಂದರು ಡಾಕ್ಟರು. ಈ ಫ್ರಾಕ್ ಹಾಕಬೇಡಿ, ಲೋಶನ್ ಹಚ್ಚಿ, ವಾರದಲ್ಲಿ ಗುಣವಾಗುತ್ತದೆ ಅಂದರು.

ಮನೆಗೆ ಬರುವ ದಾರಿಯಲ್ಲಿ ನಾನು ಏನು ಯೋಚಿಸಿದೆ ಅನ್ನುವುದನ್ನು ಮುಚ್ಚಿಡುವುದಿಲ್ಲ. ಬಾಟಲಿಯಲ್ಲಿ ಜಾರುವ ಜಿರಲೆ ನೆನಪಾಯಿತು. ಇಂಗಿನ ಡಬ್ಬಿಯ ಪಕ್ಕದ ಆ ಪೊರೆ ನೆನಪಾಯಿತು. ಮುಂದಿನ ತಿಂಗಳು, ಅದರ ಮುಂದಿನ ತಿಂಗಳು, ದೀಪ ಹಚ್ಚುವಾಗ ಆ ಅಗಿಯುವ ಸದ್ದು. ಇದೊಂದು ಸಲ ಬಾಯಿ ಮುಚ್ಚಿಕೊಂಡರೆ ಎಲ್ಲ ಮುಗಿಯುತ್ತದೆ ಅನ್ನಿಸಿತು. ಜೊತೆಗೆ ಇನ್ನೊಂದೂ ಇತ್ತು, ಅದನ್ನೂ ಹೇಳುತ್ತೇನೆ: ಹಾಲ್ ಖಾಲಿಯಾಗುತ್ತದೆ, ಈ ಮನೆ ನನ್ನದಾಗುತ್ತದೆ. ಮಧ್ಯಾಹ್ನ ಹಳೆ ಬಟ್ಟೆಗೆ ಪಾತ್ರೆ ಕೊಡುವವಳು ಕೂಗಿಕೊಂಡು ಬಂದಾಗ ಹಳದಿ ಫ್ರಾಕನ್ನು ಅವಳ ಬುಟ್ಟಿಗೆ ಹಾಕಿ ಒಂದು ಸ್ಟೀಲ್ ಬಟ್ಟಲು ತೆಗೆದುಕೊಂಡೆ. ಹೊಸ ಬಟ್ಟೆಯಂತಿದೆಯಲ್ಲ ಅಂತ ಅವಳು ಎರಡು ಸಲ ಕೇಳಿದಳು. ಅದು ಮುಂದೆ ಯಾವ ಮಗುವಿನ ಕತ್ತಿಗೆ ಹೋಯಿತೋ, ನಾನು ವಿಚಾರ ಮಾಡಲಿಲ್ಲ. ಜೇಡ ಕಂಡರೆ ಹೇಸುತ್ತಿದ್ದವಳಿಗೆ ಇದರಲ್ಲಿ ಹೇಸಿಗೆಯಾಗಲಿಲ್ಲ ನೋಡಿ.

ಸಂಜೆ ಅತ್ತಿಗೆ ಬಂದು ಕೈಕಾಲು ತೊಳೆದು ಹಾಲ್‌ನಲ್ಲಿ ನಿಂತರು. ನನ್ನವರೂ ಬಂದಿದ್ದರು.

"ಡಾಕ್ಟರು ಏನಂದ್ರು?" ಅಂತ ಅತ್ತಿಗೆ ಕೇಳಿದರು.

"ಹುಳದ್ದೇ ಅಂದ್ರು," ಅಂದೆ. ನನ್ನ ದನಿ ನಡುಗಲಿಲ್ಲ.

ಅವರು ನನ್ನ ಮುಖ ನೋಡಿದರು. "ಹೌದಾ," ಅಂದರು, ಅಷ್ಟೇ. ಮಾರನೆಯ ದಿನ ಪೆಟ್ಟಿಗೆಯನ್ನು ರಿಕ್ಷಾದಲ್ಲಿ ಕಾಲೇಜಿಗೆ ಒಯ್ದರು. ಎರಡು ದಿನ ಬಿಟ್ಟು ನನ್ನವರು ವಿಚಾರಿಸಿದಾಗ, ಸ್ಪಿರಿಟ್ಟಿನ ಜಾಡಿಗೆ ಹಾಕಿದರು ಅಂತ ಅತ್ತಿಗೆ ಹೇಳಿದರು. ಮತ್ತೆ ಒಂದು ವಾರ ನಮ್ಮ ಜೊತೆಗಿದ್ದರು. ಯಾವ ಕೋಪವೂ ಇಲ್ಲದೆ ಚಪಾತಿ ಲಟ್ಟಿಸಿದರು, ಮಗುವಿಗೆ ಲೋಶನ್ ಹಚ್ಚಿದರು. ಬೊಬ್ಬೆ ಒಣಗಿತು. ಜೇಡ ಹೋಯಿತಲ್ಲ, ಇನ್ನು ನೀನ್ಯಾಕೆ ಹೋಗಬೇಕು ಅಂತ ನನ್ನವರು ಎಷ್ಟೋ ಹೇಳಿದರು. ನಾನೂ ಬಾಯಿಮಾತಿಗೆ ಹೇಳಿದೆ. ಕೊಟ್ಟ ಮಾತು ಅಂದರು ಅತ್ತಿಗೆ.

ಭಾನುವಾರ ಬೆಳಗ್ಗೆ ಹೊರಟರು. ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಇಪ್ಪತ್ತು ವರ್ಷಕ್ಕೂ ಮೇಲೆ ಬಾಳಿದ ಮನೆಯಿಂದ ಅಷ್ಟೇ. ನನ್ನವರು ಸಾಮಾನು ಕೆಳಗಿಟ್ಟು ರಿಕ್ಷಾ ಹಿಡಿಯಲು ರಸ್ತೆಗೆ ಹೋದರು. ಬಿಲ್ಡಿಂಗಿನ ಮೆಟ್ಟಿಲ ಬಳಿ ನಾವಿಬ್ಬರೇ, ನನ್ನ ಸೊಂಟದ ಮೇಲೆ ಮಗು. ಮಗು ಅವರ ಕಡೆ ಎರಡೂ ಕೈ ಚಾಚಿತು. ಅತ್ತಿಗೆ ಅದನ್ನು ಎತ್ತಿಕೊಂಡು, ಕತ್ತಿನ ಹಿಂದೆ ಮಾಸುತ್ತಿದ್ದ ಕಲೆಯನ್ನು ಬೆರಳಲ್ಲಿ ಸವರಿದರು.

"ಧೋಬಿಗೆ ಹೇಳು, ಇವಳ ಬಟ್ಟೆಗೆ ದಾರ ಕಟ್ಟಿ ಗುರುತು ಮಾಡ್ಲಿ. ಬಿಬ್ಬಾ ಬೇಡ. ಎಳೇ ಚರ್ಮ," ಅಂದರು.

"ಅತ್ತಿಗೆ, ನಿಮಗೆ..." ಅಂದೆ.

"ಅವತ್ತು ಬೆಳಗ್ಗೆ ಫ್ರಾಕ್ ಹಾಕೋವಾಗ್ಲೇ ನೋಡ್ದೆ. ನಾನು ಹೇಳಿದ್ರೆ ಜೇಡಕ್ಕೋಸ್ಕರ ಹೇಳ್ತಿದೀನಿ ಅಂತೀಯ, ಡಾಕ್ಟರ ಬಾಯಲ್ಲೇ ಬರ್ಲಿ ಅಂತ ಅದನ್ನೇ ಹಾಕಿ ಕಳ್ಸಿದೆ." ಮಗುವನ್ನು ನನ್ನ ಕೈಗೆ ವಾಪಸು ಕೊಟ್ಟರು. "ಈ ವಾರವೆಲ್ಲ ಕಾದೆ ಕಣೇ, ನೀನೇ ಬಂದು ಹೇಳ್ತೀಯೇನೋ ಅಂತ."

ರಿಕ್ಷಾ ಬಂದು ನಿಂತಿತು. ನನ್ನವರು ಇಳಿದು ಟ್ರಂಕನ್ನು ಒಳಗಿಟ್ಟರು. ಈಗಲಾದರೂ ಬಾಯಿ ಬಿಡಬಹುದಿತ್ತು. ಒಂದೇ ಒಂದು ಮಾತು ಸಾಕಿತ್ತು, ನನ್ನವರು ಆ ಟ್ರಂಕನ್ನು ಮತ್ತೆ ಮೂರು ಮಾಳಿಗೆ ಹೊತ್ತು ತರುತ್ತಿದ್ದರು. ನಾನು ಮಗುವಿನ ತಲೆ ಸವರುತ್ತಾ ನಿಂತೆ. ಅತ್ತಿಗೆ ಹತ್ತಿ ಕೂತರು. ರಿಕ್ಷಾ ಸ್ಟೇಷನ್ ರಸ್ತೆಗೆ ತಿರುಗಿತು. ನನ್ನವರು ಕಣ್ಣು ಒರೆಸಿಕೊಂಡು ನನ್ನ ಕಡೆ ಬಂದರು.

"ಏನೋ ಹೇಳ್ತಿದ್ಳಲ್ಲ ಅಕ್ಕ, ಏನಂದ್ಳು?"

"ಏನಿಲ್ಲ ರೀ," ಅಂದೆ. "ಮಗೂನ ಚೆನ್ನಾಗಿ ನೋಡ್ಕೋ ಅಂದ್ರು."